ಒತ್ತಡವರ್ಧಕ ಔಷಧಗಳ ನಿಷೇಧ: ಒಂದು ಆಧಾರವಿಮರ್ಶೆ

ತಲೆ ಮತ್ತು ಕತ್ತಿನ ಕ್ಯಾನ್ಸರನ್ನು ಕತ್ತರಿಸಿ ತೆಗೆದ ಮೇಲೆ, ಬರಿದಾದ ಆ ಎಡೆಯನ್ನು ರೋಗಿಯ ದೇಹದ ಬೇರೊಂದು ಭಾಗದಿಂದ ತಂದ ಚರ್ಮ, ಮಾಂಸ, ಎಲುಬುಗಳಿಂದ ಮತ್ತೆ ಕಟ್ಟಬೇಕಾಗುತ್ತದೆ. ಈ ಪುನರ್ನಿರ್ಮಾಣದ ಶಸ್ತ್ರಚಿಕಿತ್ಸೆಯಲ್ಲಿ ಬಹುಕಾಲದಿಂದ ಒಂದು ನಿಯಮವು ನಡೆದುಬಂದಿದೆ. ರೋಗಿಯ ರಕ್ತದ ಒತ್ತಡವು ಕುಸಿದರೂ ಅದನ್ನು ಏರಿಸುವ ಔಷಧವನ್ನು ಕೊಡಲಾಗದು. ಕೊಟ್ಟರೆ ಹೊಸದಾಗಿ ಕೂಡಿಸಿದ ರಕ್ತನಾಳಗಳು ಸಂಕೋಚಗೊಂಡು, ತಂದಿಟ್ಟ ಭಾಗವು ಸತ್ತುಹೋಗುವುದು ಎಂಬುದೇ ಆ ನಿಯಮ. ಈ ಶತಮಾನದಲ್ಲಿ ಇದನ್ನು ಕುರಿತು ಅನೇಕ ಲೇಖನಗಳು ಹೊರಬಿದ್ದು, ನಿಯಮಕ್ಕೆ ತಕ್ಕ ಆಧಾರವಿಲ್ಲವೆಂದು ಸಾರಿವೆ. ನಿಯಮವನ್ನೂ ಅದನ್ನು ಅಲ್ಲಗಳೆದ ಲೇಖನಗಳನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಔಷಧವನ್ನು ಕೊಡಬೇಕೆ ಬೇಡವೆ ಎಂದು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತು ಎಲ್ಲಿ ಹುಟ್ಟಿತು, ಯಾರಿಂದ ಯಾರಿಗೆ ಬಂದಿತು, ಹೇಳಿದವನು ಕಂಡು ಹೇಳಿದನೋ ಊಹಿಸಿ ಹೇಳಿದನೋ ಎಂದು ವಿಚಾರಿಸುವುದು ನಮ್ಮ ಕಸುಬೇ ಆಗಿದೆ. ಗಂಗರ ಮೊದಲ ಕಾಲದ ತಾಮ್ರಶಾಸನಗಳನ್ನು ಕುರಿತು ಫ್ಲೀಟ್ ಮತ್ತು ರೈಸ್ ಇವರ ನಡುವೆ ನಡೆದ ವಾದವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ರೈಸರು ನಂಬಿದ ಶಾಸನಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದರು. ಮಡಿಕೇರಿಯ ತಾಮ್ರಪಟವೂ ಅವುಗಳಲ್ಲಿ ಒಂದು. ಯಾರ ಪಕ್ಷ ಎಷ್ಟು ಸರಿ ಎಂಬುದು ಇಲ್ಲಿ ಅಪ್ರಸ್ತುತ. ಹತ್ತು ಶಾಸನಗಳು ಒಂದೇ ವಂಶಾವಳಿಯನ್ನು ಹೇಳಿದರೂ, ಒಂದನ್ನು ನೋಡಿ ಮತ್ತೊಂದನ್ನು ಕೆತ್ತಿದ್ದಾದರೆ ಸಾಕ್ಷಿ ಹತ್ತಾಗುವುದಿಲ್ಲ, ಒಂದೇ ಆಗಿ ಉಳಿಯುತ್ತದೆ ಎಂಬ ಎಚ್ಚರವನ್ನು ಅಂಥ ವಾದಗಳಿಂದ ನಾವು ಪಡೆದಿದ್ದೇವೆ. ಅದೇ ಎಚ್ಚರವನ್ನು ಶಸ್ತ್ರವೈದ್ಯದ ಬರಹಗಳಲ್ಲಿಯೂ ಪ್ರಯೋಗಿಸಬಾರದೇಕೆ?

ನಿಯಮವನ್ನು ತಿಳಿಯಬೇಕಾದರೆ ಅದು ಅನ್ವಯಿಸುವ ಶಸ್ತ್ರಕ್ರಿಯೆಯನ್ನು ಮೊದಲು ತಿಳಿಯಬೇಕು. ಕಳೆದುಹೋದ ಅಂಗವನ್ನು ಪಕ್ಕದ ಚರ್ಮದಿಂದ ಕಟ್ಟುವ ವಿದ್ಯೆ ನಮ್ಮ ದೇಶಕ್ಕೆ ಹಳೆಯದು. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠನು ಟೀಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನ ಹಣೆಯ ಚರ್ಮದಿಂದ ಮೂಗನ್ನು ಕಟ್ಟಿದ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಇದನ್ನು ಅನುಸರಿಸಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಈ ಕ್ರಿಯೆಯನ್ನು ಮಾಡಿ, 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಶ್ರೀರಂಗಪಟ್ಟಣದ ಸೆರೆಯಾಳಿನ ಮೂಗು ಯುರೋಪಿನ ಶಸ್ತ್ರವೈದ್ಯಕ್ಕೆ ಪಾಠವಾದದ್ದು ನಮ್ಮ ಇತಿಹಾಸಗ್ರಂಥಗಳಲ್ಲಿ ಒಂದು ಅಡಿಟಿಪ್ಪಣಿಗಿಂತ ಹೆಚ್ಚಿನ ಸ್ಥಳವನ್ನು ಪಡೆಯಬೇಕಾಗಿತ್ತು, ಅದಿರಲಿ. ಇಲ್ಲಿ ಗಮನಿಸತಕ್ಕದ್ದು ಒಂದೇ ಅಂಶ. ಆ ಕ್ರಿಯೆಯಲ್ಲಿ ಹಣೆಯ ಚರ್ಮವನ್ನು ಪೂರ್ತಿ ಕಡಿಯುತ್ತಿರಲಿಲ್ಲ. ಹುಬ್ಬುಗಳ ನಡುವೆ ಒಂದು ಕಿರುಪಟ್ಟಿಯನ್ನು ಉಳಿಸಿ, ಅದರ ಮೂಲಕ ರಕ್ತವು ಹರಿಯುತ್ತಿರುವಂತೆ ನೋಡಿಕೊಂಡು, ಹೊಸ ಎಡೆಯಲ್ಲಿ ಚರ್ಮವು ಬೇರೂರಿದ ಮೇಲೆ, ಸುಮಾರು ಇಪ್ಪತ್ತೈದನೆಯ ದಿನ, ಆ ಪಟ್ಟಿಯನ್ನು ಕಡಿಯುತ್ತಿದ್ದರು.

ಹೀಗೆ ತನ್ನದೇ ರಕ್ತಸಂಬಂಧವನ್ನು ಉಳಿಸಿಕೊಂಡು ಸ್ಥಳ ಬದಲಿಸುವ ತುಣುಕಿಗೆ ವೈದ್ಯರು ಫ್ಲಾಪ್ ಎನ್ನುತ್ತಾರೆ. ಬಾಯಿ, ಗಂಟಲುಗಳ ಕ್ಯಾನ್ಸರಿನಲ್ಲಿ ಎದೆಯ ಚರ್ಮವನ್ನು ಹೀಗೆ ಮೇಲಕ್ಕೆ ತಿರುಗಿಸುವ ವಿಧಾನವನ್ನು ಬಕಾಮ್ಜಿಯನ್ 1965ರಲ್ಲಿಯೂ, ಎದೆಯ ಸ್ನಾಯುವನ್ನೇ ಚರ್ಮಸಹಿತ ತಿರುಗಿಸುವ ವಿಧಾನವನ್ನು ಆರಿಯನ್ 1979ರಲ್ಲಿಯೂ ಪ್ರಕಟಿಸಿದರು. ಎರಡನೆಯ ಬಗೆಯದು ಫ್ರೀ ಫ್ಲಾಪ್. ಇದರಲ್ಲಿ ತುಣುಕನ್ನು ದೇಹದಿಂದ ಪೂರ್ತಿಯಾಗಿ ಬೇರ್ಪಡಿಸಿ, ಅದರ ಧಮನಿಯನ್ನೂ ಸಿರೆಯನ್ನೂ ಕತ್ತಿನ ನಾಳಗಳಿಗೆ ಕೂಡಿಸಿ ಹೊಲಿಯುತ್ತಾರೆ. ರಕ್ತನಾಳಗಳನ್ನು ಕೂಡಿಸುವ ಕ್ರಮವನ್ನು ಅಲೆಕ್ಸಿ ಕ್ಯಾರೆಲ್ 1902ರಲ್ಲಿ ತೋರಿಸಿ 1912ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. 1959ರಲ್ಲಿ ಅಮೆರಿಕದಲ್ಲಿ ಸೈಡನ್‌ಬರ್ಗ್ ಮತ್ತು ಅವನ ಸಂಗಡಿಗರು ಸಣ್ಣ ಕರುಳಿನ ಒಂದು ತುಂಡನ್ನು ಕತ್ತಿಗೆ ತಂದು ಅನ್ನನಾಳವನ್ನು ಕಟ್ಟಿದರು. ಆ ರೋಗಿಯು ಕೆಲವೇ ದಿನಗಳಲ್ಲಿ ಮಿದುಳಿನ ಆಘಾತದಿಂದ ತೀರಿಕೊಂಡನು. ಮರುವರ್ಷ ಜೇಕಬ್ಸನ್ ಮತ್ತು ಸ್ವಾರೆಜ್ ಇವರು ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ನಾಳಗಳನ್ನು ಹೊಲಿದದ್ದರಿಂದ ದಾರಿ ತೆರೆಯಿತು. 1973ರಲ್ಲಿ ಮೆಲ್ಬರ್ನಿನಿಂದ ಡೇನಿಯಲ್ ಮತ್ತು ಟೇಲರ್ ಫ್ರೀ ಫ್ಲಾಪಿನ ವರದಿಯನ್ನು ಕೊಟ್ಟರು. 1981ರಲ್ಲಿ ಚೀನದಿಂದ ಮುಂಗೈಯ ಫ್ಲಾಪ್, 1989ರಲ್ಲಿ ನ್ಯೂಯಾರ್ಕಿನಿಂದ ಕಾಲಿನ ಫಿಬ್ಯುಲ ಎಲುಬಿನಿಂದ ದವಡೆಯನ್ನು ಕಟ್ಟುವ ಕ್ರಮ ಹೊರಬಂದವು.

ಎರಡು ಮೂರು ಮಿಲಿಮೀಟರು ದಪ್ಪದ ನಾಳಗಳ ಹೊಲಿಗೆಯನ್ನು ನಂಬಿ ಬದುಕಬೇಕಾದ ಈ ತುಣುಕಿನ ಮೇಲೆ ಶಸ್ತ್ರವೈದ್ಯನಿಗೆ ಇರುವ ಆತಂಕವು ಸಹಜವೇ. ಅದು ಸತ್ತರೆ ರೋಗಿಯು ಮತ್ತೆ ಕೊಯ್ಲಿಗೆ ಒಳಗಾಗಬೇಕು. ಆರು ವಾರಗಳೊಳಗೆ ಆರಂಭವಾಗಬೇಕಾದ ವಿಕಿರಣ ಚಿಕಿತ್ಸೆಯು ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಕ್ಯಾನ್ಸರು ಕಾದು ಕೂರುವುದಿಲ್ಲ. ನಿಯಮವು ಹುಟ್ಟಿದ್ದು ಈ ಆತಂಕದಲ್ಲಿ.

ಅದರ ತರ್ಕವನ್ನು ಬಿಡಿಸಿ ನೋಡೋಣ. 1894-95ರಲ್ಲಿ ಲಂಡನ್ನಿನಲ್ಲಿ ಆಲಿವರ್ ಮತ್ತು ಶೇಫರ್ ಇವರು ಅಡ್ರಿನಲ್ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದ ಒತ್ತಡವು ಏರಿತು. ಸಣ್ಣ ಧಮನಿಗಳು ಸಂಕೋಚಗೊಂಡದ್ದೇ ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡರು. 1901ರಲ್ಲಿ ತಕಾಮಿನೆ ಅಡ್ರಿನಲಿನನ್ನು ಹರಳಾಗಿ ಬೇರ್ಪಡಿಸಿದ ವರದಿ ಬಂತು. 1946ರಲ್ಲಿ ಫಾನ್ ಆಯ್ಲರ್ ನಾರ್‌ಅಡ್ರಿನಲಿನನ್ನು ನರಗಳ ಸಂದೇಶವಾಹಕವೆಂದು ಗುರುತಿಸಿದನು. ಇವೆಲ್ಲ ಕಂಡ ಸಂಗತಿಗಳು. ಇವುಗಳಿಂದ ಹೊರಟ ಅನುಮಾನವು ಹೀಗಿದೆ: ಈ ಔಷಧಗಳು ಧಮನಿಗಳನ್ನು ಸಂಕೋಚಗೊಳಿಸುತ್ತವೆ, ಫ್ಲಾಪು ಒಂದು ಧಮನಿಯನ್ನು ನೆಚ್ಚಿದೆ, ಆದುದರಿಂದ ಈ ಔಷಧಗಳು ಫ್ಲಾಪನ್ನು ಕೊಲ್ಲುತ್ತವೆ. ಪೂರ್ವಪಕ್ಷವು ನೋಡಲು ಎಷ್ಟು ನೇರವಾಗಿದೆ! ಆದರೆ ರಕ್ತದ ಹರಿವು ನಾಳದ ಅಗಲವೊಂದನ್ನೇ ಅವಲಂಬಿಸಿಲ್ಲ, ತಳ್ಳುವ ಒತ್ತಡವನ್ನೂ ಅವಲಂಬಿಸಿದೆ. ಕೆರೆಯ ತೂಬು ಅಗಲವಾಗಿದ್ದ ಮಾತ್ರಕ್ಕೆ, ಕೆರೆಯಲ್ಲಿ ನೀರೇ ತಗ್ಗಿದ್ದರೆ ಗದ್ದೆಗೆ ನೀರು ಹರಿಯುವುದೆ? ಔಷಧವು ತೂಬನ್ನು ಕಿರಿದುಮಾಡುವುದು ಹೆಚ್ಚೋ, ಕೆರೆಯ ಮಟ್ಟವನ್ನು ಏರಿಸುವುದು ಹೆಚ್ಚೋ ಎಂಬುದನ್ನು ಅಳೆದೇ ತಿಳಿಯಬೇಕು. ಕುಳಿತು ತರ್ಕಿಸಿ ತಿಳಿಯಲಾಗದು. ಇನ್ನೊಂದು ವಿನೋದವನ್ನು ಹೇಳಬೇಕು. ಕಡಿದು ತಂದ ತುಣುಕಿಗೆ ನರಸಂಬಂಧವೂ ಕಡಿದಿರುತ್ತದೆ. ನರ ಕಡಿದ ನಾಳವು ರಕ್ತದಲ್ಲಿ ತೇಲಿಬರುವ ಔಷಧಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದೆಂದು ಒಂದು ಪಕ್ಷ. ನರದ ಹಿಡಿತ ತಪ್ಪಿದ ನಾಳವು ಸಡಿಲವಾಗಿ ಹಿಗ್ಗಿರುವುದರಿಂದ ಒತ್ತಡವು ಏರಿದಷ್ಟೂ ಅದರಲ್ಲಿ ಹೆಚ್ಚು ರಕ್ತವು ಹರಿಯುವುದೆಂದು ಮತ್ತೊಂದು ಪಕ್ಷ. ಒಂದೇ ಸಂಗತಿಯಿಂದ ಎರಡು ವಿರುದ್ಧ ತೀರ್ಮಾನಗಳು ಹೊರಟಾಗ, ಸಂಗತಿಯು ತೀರ್ಮಾನವನ್ನು ಕೊಡಲಿಲ್ಲವೆಂದೇ ತಿಳಿಯಬೇಕು.

ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಅನುಮಾನವಾಗಿ ಹುಟ್ಟಿದ ಮಾತು ಪ್ರತ್ಯಕ್ಷದ ಗೌರವವನ್ನು ಪಡೆದು, ಆಪ್ತವಾಕ್ಯವಾಗಿ ಪ್ರಚಾರಕ್ಕೆ ಬಂದಿತು. ಈ ಕ್ಷೇತ್ರದ ಲೇಖನಗಳ ಮೊದಲ ಪುಟಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಸ್ತ್ರವೈದ್ಯರು ಸಂಪ್ರದಾಯವಾಗಿ ಈ ಔಷಧಗಳನ್ನು ಒಲ್ಲರು ಎಂಬ ವಾಕ್ಯವು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಆಧಾರವಾಗಿ ಹಿಂದಿನ ಲೇಖನವನ್ನು ಹೆಸರಿಸುತ್ತಾರೆ. ಆ ಲೇಖನವೂ ಅದೇ ವಾಕ್ಯವನ್ನು ಹೇಳಿ ಅದಕ್ಕೂ ಹಿಂದಿನದನ್ನು ತೋರಿಸುತ್ತದೆ. ಮುಂದೆ ಹೋದಷ್ಟೂ ನಮಗೆ ಸಿಕ್ಕುವುದು ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳು ಮತ್ತು ಮೇಲೆ ಹೇಳಿದ ಅನುಮಾನ. ತಾಮ್ರಶಾಸನಗಳ ವಂಶಾವಳಿಯ ನೆನಪು ಇಲ್ಲಿ ಬಾರದಿರದು.

ಪ್ರಯೋಗಗಳಾದರೂ ಒಂದೇ ಮಾತನ್ನು ಆಡಿದವೆ? ರಕ್ತಸಂಬಂಧವನ್ನು ಕಡಿಯದೆ ಹಂದಿಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಫೀನೈಲ್‌ಎಫ್ರಿನ್ ಎಂಬ ಔಷಧವು ಫ್ಲಾಪಿನ ಹರಿವನ್ನು ತಗ್ಗಿಸಿತೆಂಬ ವರದಿಗಳಿವೆ. ಆದರೆ 1999ರಲ್ಲಿ ಸ್ವಿಟ್ಜರ್ಲೆಂಡಿನ ಬೆರ್ನಿನವರು ಹಂದಿಗಳಲ್ಲಿ ನಿಜವಾದ ಫ್ರೀ ಫ್ಲಾಪನ್ನೇ ಕಟ್ಟಿ ಅಳೆದಾಗ, ಅದೇ ಔಷಧದಿಂದ ಫ್ಲಾಪಿನ ಹರಿವಿಗೆ ಕೇಡಾಗಲಿಲ್ಲ. ಅದಕ್ಕಿಂತಲೂ ಮನನೀಯವಾದ ಫಲವೊಂದು ಅಲ್ಲಿಯೇ ಕಂಡಿತು. ನಾಳಗಳನ್ನು ಹಿಗ್ಗಿಸುವ ಸೋಡಿಯಂ ನೈಟ್ರೊಪ್ರಸೈಡನ್ನು ಕೊಟ್ಟು ಒತ್ತಡವನ್ನು ಇಳಿಸಿದಾಗ ಫ್ಲಾಪಿನ ಹರಿವು ತೀವ್ರವಾಗಿ ಕುಸಿಯಿತು. ಹಳೆಯ ಅನುಮಾನದ ಪ್ರಕಾರ ಫ್ಲಾಪಿಗೆ ಹಿತವಾಗಬೇಕಾಗಿದ್ದ ಔಷಧವೇ ಅದನ್ನು ಬತ್ತಿಸಿತು. ತರ್ಕವು ತಪ್ಪಿದ ಜಾಗವನ್ನು ಇಷ್ಟು ಚೊಕ್ಕವಾಗಿ ತೋರಿಸುವ ಪ್ರಯೋಗವು ಅಪರೂಪ. ಇದಕ್ಕೆ ಸಲ್ಲಬೇಕಾದ ಪ್ರಚಾರವು ಸಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ಮನುಷ್ಯರಲ್ಲಿ ಅಳೆದ ಪ್ರಯೋಗಗಳಲ್ಲಿ 2012ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾದದ್ದು ಮುಖ್ಯವಾದುದು. ತಲೆ ಕತ್ತುಗಳ ಪುನರ್ನಿರ್ಮಾಣಕ್ಕೆ ಒಳಗಾದ ರೋಗಿಗಳಿಗೆ ನಾಲ್ಕು ಔಷಧಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಕೊಟ್ಟು ಫ್ಲಾಪಿನ ಚರ್ಮದಲ್ಲಿ ರಕ್ತದ ಹರಿವನ್ನು ಅಳೆದರು. ನಾರ್‌ಅಡ್ರಿನಲಿನ್ ಹರಿವನ್ನು ಎಲ್ಲಕ್ಕಿಂತ ಹೆಚ್ಚು ಏರಿಸಿತು; ಡೋಬ್ಯುಟಮಿನ್ ಸ್ವಲ್ಪಮಟ್ಟಿಗೆ ಏರಿಸಿತು; ಅಡ್ರಿನಲಿನ್ ಮತ್ತು ಡೋಪೆಕ್ಸಮಿನ್ ತಗ್ಗಿಸಿದವು. ಹೀಗಿರುವಾಗ ಒತ್ತಡವರ್ಧಕಗಳು ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಕೂಡಿಹಾಕಿ ಒಪ್ಪುವುದೂ ನಿಷೇಧಿಸುವುದೂ ಸಮನಾಗಿ ಅವಿಚಾರವೆನಿಸುತ್ತದೆ. ಆದರೆ ಈ ಪ್ರಯೋಗವು ಅಳೆದದ್ದು ಆಯಾ ಹೊತ್ತಿನ ಹರಿವನ್ನು. ಫ್ಲಾಪಿನ ಅಳಿವು ಉಳಿವುಗಳನ್ನಲ್ಲ. ಇದನ್ನು ಮರೆತು ಉಲ್ಲೇಖಿಸುವವರು ಇದ್ದಾರೆ.

ಅಳಿವು ಉಳಿವುಗಳ ಲೆಕ್ಕವನ್ನು ತೆಗೆದವರು ಆಸ್ಪತ್ರೆಗಳ ಹಳೆಯ ಕಡತಗಳನ್ನು ತೆರೆದವರು. ಅಮೆರಿಕದ ಆರೆಗನ್‌ನಿಂದ 2010 ಮತ್ತು 2011ರಲ್ಲಿ, ಕೆನಡದ ಟೊರಾಂಟೊವಿನಿಂದ 2012ರಲ್ಲಿ ಇಂಥ ವರದಿಗಳು ಬಂದವು. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಅತ್ಯಂತ ಸ್ವಾರಸ್ಯಕರವಾದದ್ದು ಅವುಗಳ ತೀರ್ಮಾನಕ್ಕಿಂತ ಹೆಚ್ಚಾಗಿ ಕಡತಗಳಲ್ಲಿ ಕಂಡ ನಡೆವಳಿ. ಔಷಧವು ನಿಷಿದ್ಧವೆಂದು ಪಾಠ ಹೇಳುತ್ತಿದ್ದ ಕಾಲದಲ್ಲಿಯೇ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಅದು ಸಂದಿತ್ತು. ಅರಿವಳಿಕೆಯ ವೈದ್ಯನು ಒತ್ತಡವು ಕುಸಿದಾಗಲೆಲ್ಲ ಎಫೆಡ್ರಿನನ್ನೋ ಫೀನೈಲ್‌ಎಫ್ರಿನನ್ನೋ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ತನ್ನ ಹಾಳೆಯಲ್ಲಿ ಬರೆದಿಟ್ಟಿದ್ದನು. ಧರ್ಮಶಾಸ್ತ್ರಗ್ರಂಥಗಳನ್ನು ಮಾತ್ರ ಓದಿ ಅಂದಿನ ಜನಜೀವನವನ್ನು ಚಿತ್ರಿಸಹೊರಟವನು, ದಾನಪತ್ರಗಳನ್ನೂ ಸುಂಕದ ಶಾಸನಗಳನ್ನೂ ಕಂಡಾಗ ಹೇಗೆ ಬೆರಗಾಗುವನೋ ಇದೂ ಹಾಗೆಯೇ. ವಿಧಿಯು ಒಂದು ಕಡೆ, ಆಚರಣೆಯು ಮತ್ತೊಂದು ಕಡೆ. ಔಷಧವನ್ನು ಪಡೆದವರಲ್ಲಿ ಫ್ಲಾಪು ಹೆಚ್ಚಾಗಿ ಸತ್ತದ್ದು ಈ ಕಡತಗಳಲ್ಲಿ ಕಂಡುಬರಲಿಲ್ಲ. ಮುಂದೆ 2018-19ರಲ್ಲಿ ಇಂಥ ವರದಿಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಗಳೂ ಹೆಚ್ಚಿನ ಅಪಾಯವನ್ನು ಕಾಣಲಿಲ್ಲ.

ಇಲ್ಲಿಗೆ ವಾದವು ಮುಗಿಯಿತೆಂದು ಅನೇಕರು ಬಗೆದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಮೊದಲನೆಯದಾಗಿ, ನುರಿತ ಆಸ್ಪತ್ರೆಗಳಲ್ಲಿ ಫ್ರೀ ಫ್ಲಾಪುಗಳು ನೂರಕ್ಕೆ ಐದಕ್ಕಿಂತ ಕಡಮೆ ಸಾಯುತ್ತವೆ. ಕೆಲವು ನೂರು ರೋಗಿಗಳ ಕಡತದಲ್ಲಿ ಸತ್ತ ಫ್ಲಾಪುಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಇಷ್ಟು ಚಿಕ್ಕ ಎಣಿಕೆಯಲ್ಲಿ ಭೇದವು ಕಾಣಲಿಲ್ಲವೆಂದರೆ ಭೇದವಿಲ್ಲವೆಂದು ಅರ್ಥವಾಗದು. ಶಾಸನವು ದೊರೆಯದ ಮಾತ್ರಕ್ಕೆ ಆ ಊರಿನಲ್ಲಿ ಅರಸನು ಆಳಲಿಲ್ಲವೆಂದು ನಾವು ಬರೆಯುತ್ತೇವೆಯೆ? ಎರಡನೆಯದು ಇನ್ನೂ ಗಹನವಾದುದು. ಯಾರಿಗೆ ಔಷಧ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಣಯಿಸಲಿಲ್ಲ. ವೈದ್ಯನು ನೋಡಿ ನಿರ್ಣಯಿಸಿದನು. ಹೆಚ್ಚು ಕಾಯಿಲೆಯವರಿಗೇ ಔಷಧವು ಸಂದಿದ್ದರೆ, ಫಲಿತಾಂಶವು ಔಷಧದ ವಿರುದ್ಧವಾಗಿ ವಾಲಬೇಕು. ಹಾಗಿದ್ದೂ ಕೇಡು ಕಾಣದಿರುವುದು ಔಷಧದ ಪರವಾದ ಬಲವಾದ ಸಾಕ್ಷ್ಯ. ಆದರೆ ಫ್ಲಾಪಿನ ಬಣ್ಣ ಕಂದಿದ್ದನ್ನು ಕಂಡ ಶಸ್ತ್ರವೈದ್ಯನು ಔಷಧ ಬೇಡವೆಂದು ಕೂಗಿದ್ದರೆ, ದುರ್ಬಲ ಫ್ಲಾಪುಗಳೆಲ್ಲ ಔಷಧವಿಲ್ಲದವರ ಪಟ್ಟಿಗೆ ಸೇರಿ, ಅದೇ ಲೆಕ್ಕವು ಔಷಧದ ಪರವಾಗಿ ವಾಲುತ್ತದೆ. ಎರಡರಲ್ಲಿ ಯಾವುದು ಎಷ್ಟು ನಡೆಯಿತೆಂದು ಕಡತವು ಹೇಳುವುದಿಲ್ಲ.

ಮೂರನೆಯ ದೋಷವು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಂಥ ಲೇಖನಗಳಲ್ಲಿ ಬಹುಮಟ್ಟಿಗೆ ಔಷಧವನ್ನು ಕೊಟ್ಟದ್ದು, ಕೊಡದಿದ್ದದ್ದು ಎಂಬ ಎರಡೇ ಪಟ್ಟಿಗಳಿವೆ. ಅರಿವಳಿಕೆಯನ್ನು ಕೊಟ್ಟ ಕೂಡಲೆ, ಫ್ಲಾಪನ್ನು ಇನ್ನೂ ಕಡಿಯದಿದ್ದಾಗ ಕೊಟ್ಟ ಒಂದೇ ಚುಚ್ಚುಮದ್ದಿಗೂ, ನಾಳಗಳನ್ನು ಕೂಡಿಸಿದ ಮೇಲೆ ರಾತ್ರಿಯೆಲ್ಲ ಹನಿಸಿದ ನಾರ್‌ಅಡ್ರಿನಲಿನಿಗೂ ಪಟ್ಟಿಯಲ್ಲಿ ಒಂದೇ ಗುರುತು. ಕಾಲನಿರ್ಣಯವಿಲ್ಲದ ಶಾಸನದಿಂದ ಇತಿಹಾಸವನ್ನು ಬರೆಯುವ ಕಷ್ಟವನ್ನು ಬಲ್ಲ ನಮಗೆ ಇದು ಕ್ಷಮಾರ್ಹವೆನಿಸದು. ಏಕೆಂದರೆ ಅರಿವಳಿಕೆಯ ಹಾಳೆಯಲ್ಲಿ ಗಂಟೆ ನಿಮಿಷಗಳು ಬರೆದೇ ಇರುತ್ತವೆ.

ಹೀಗೆಂದು ಹಳೆಯ ನಿಷೇಧಕ್ಕೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ನಿಷೇಧವೂ ನಿರಪಾಯವಾಗಿರಲಿಲ್ಲ ಎಂಬುದನ್ನು ಅದರ ಪಕ್ಷಪಾತಿಗಳು ಮರೆತರು. ಎಂಟು ಹತ್ತು ಗಂಟೆ ನಡೆಯುವ ಈ ಕ್ರಿಯೆಯಲ್ಲಿ ಅರಿವಳಿಕೆಯೇ ಒತ್ತಡವನ್ನು ಇಳಿಸುತ್ತದೆ. ಔಷಧವು ಕೂಡದೆಂದಾಗ ಉಳಿದ ದಾರಿ, ನಾಳದೊಳಕ್ಕೆ ಲವಣದ್ರಾವಣವನ್ನು ಸುರಿಯುವುದು. ಆ ನೀರು ಎಲ್ಲಿಗೆ ಹೋಗಬೇಕು? ಅಂಗಾಂಶಗಳು ಊದಿಕೊಳ್ಳುತ್ತವೆ, ಶ್ವಾಸಕೋಶಗಳಲ್ಲಿ ನೀರು ನಿಲ್ಲುತ್ತದೆ, ಊದಿದ ಫ್ಲಾಪಿನಲ್ಲಿ ಸಿರೆಯು ಅದುಮಿಹೋಗುತ್ತದೆ. ಫ್ಲಾಪುಗಳು ಕೆಡುವುದರಲ್ಲಿ ಧಮನಿಗಿಂತ ಸಿರೆಯು ಹೆಪ್ಪುಗಟ್ಟುವುದೇ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು. ಹೆಚ್ಚು ದ್ರವವನ್ನು ಪಡೆದ ರೋಗಿಗಳಲ್ಲಿ ತೊಡಕುಗಳು ಹೆಚ್ಚೆಂದು 2001ರಿಂದ ಈಚೆಗೆ ಹಲವು ವರದಿಗಳು ತಿಳಿಸಿವೆ; 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಸೂಚನೆಗಳು ದ್ರವವು ಹೆಚ್ಚಾಗುವುದನ್ನೂ ಕಡಮೆಯಾಗುವುದನ್ನೂ ತಡೆಯಬೇಕೆಂದಿವೆ. ಆದರೆ ದ್ರವವನ್ನು ಯಾರೂ ನಿಷೇಧಿಸಿರಲಿಲ್ಲ. ನೀರಲ್ಲವೆ, ನೀರಿನಿಂದ ಏನಾದೀತು ಎಂಬ ಭಾವನೆ!

ಪಕ್ಕದ ಕ್ಷೇತ್ರವೊಂದರಲ್ಲಿ ಇಂಥದೇ ನಿಷೇಧದ ಗತಿ ಏನಾಯಿತೆಂಬುದನ್ನು ನೋಡಬಹುದು. ಬೆರಳಿಗೆ ಸ್ಥಳೀಯ ಅರಿವಳಿಕೆಯೊಡನೆ ಅಡ್ರಿನಲಿನನ್ನು ಚುಚ್ಚಿದರೆ ಬೆರಳು ಕೊಳೆಯುವುದೆಂದು ಪಠ್ಯಪುಸ್ತಕಗಳು ತಲೆಮಾರುಗಳ ಕಾಲ ಕಲಿಸಿದವು. ಮೂಲವನ್ನು ಹುಡುಕಿದಾಗ, ಬೆರಳು ಕೊಳೆತ ಪ್ರಕರಣಗಳಲ್ಲಿ ಹೆಚ್ಚಿನವು 1950ಕ್ಕೆ ಹಿಂದಿನವೆಂದೂ, ಅಂದು ಬಳಕೆಯಲ್ಲಿದ್ದ ಪ್ರೊಕೇನ್ ಇಟ್ಟಲ್ಲಿಯೇ ಹುಳಿಯಾಗಿ ತೀವ್ರ ಆಮ್ಲವಾಗುತ್ತಿತ್ತೆಂದೂ ತಿಳಿದುಬಂದಿತು. ಬಳಿಕ ಕೆನಡದಲ್ಲಿ, ಕಡತಗಳನ್ನು ಹಿಂತಿರುಗಿ ನೋಡದೆ ಮುಂದಕ್ಕೆ ಎಣಿಸುತ್ತ ಹೋಗಿ, ಬೆರಳು ಮತ್ತು ಕೈಗಳಲ್ಲಿ ಅಡ್ರಿನಲಿನನ್ನು ಬಳಸಿದ 3110 ಪ್ರಕರಣಗಳನ್ನು ಸಾಲಾಗಿ ದಾಖಲಿಸಿ 2005ರಲ್ಲಿ ಪ್ರಕಟಿಸಿದರು. ಒಂದು ಬೆರಳೂ ಕೊಳೆಯಲಿಲ್ಲ. ಫ್ಲಾಪಿನ ಪ್ರಶ್ನೆಯು ಇದಕ್ಕಿಂತ ಜಟಿಲವಾದುದೆಂಬುದು ದಿಟ. ಇಲ್ಲಿ ಔಷಧವು ಇಡೀ ದೇಹದಲ್ಲಿ ಸಂಚರಿಸುತ್ತದೆ, ಪ್ರಮಾಣವು ಗಳಿಗೆಗಳಿಗೆಗೂ ಬದಲಾಗುತ್ತದೆ. ಆದರೂ ಹಾಗೆ ಮುಂದಕ್ಕೆ ಎಣಿಸುವ ಕೆಲಸವು ಅಸಾಧ್ಯವೇನಲ್ಲ.

ನಮ್ಮ ದೇಶಕ್ಕೆ ಈ ಪ್ರಶ್ನೆಯು ದೂರದ್ದಲ್ಲ. ಭಾರತದ ಗಂಡಸರಲ್ಲಿ ಬಾಯಿಯ ಕ್ಯಾನ್ಸರು ಎಲ್ಲ ಕ್ಯಾನ್ಸರುಗಳಲ್ಲಿ ಮುಂಚೂಣಿಯದು. ಹೊಗೆಸೊಪ್ಪಿನ ಮಾತಿರಲಿ, ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅಡಿಕೆಯನ್ನು ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ನಾಡು ನಮ್ಮದು. ದವಡೆಯನ್ನು ಕಳೆದುಕೊಂಡು ಮೇಜಿನ ಮೇಲೆ ಮಲಗುವ ರೋಗಿಗಳಲ್ಲಿ ಮೊದಲೇ ರಕ್ತದ ಒತ್ತಡಕ್ಕೆ ಮಾತ್ರೆ ನುಂಗುತ್ತಿರುವವರು ಹಲವರು. ಆ ಮಾತ್ರೆಗಳಲ್ಲಿ ಕೆಲವು, ಅರಿವಳಿಕೆಯೊಡನೆ ಸೇರಿ, ಒತ್ತಡವನ್ನು ಇನ್ನಷ್ಟು ಕುಸಿಯಿಸುತ್ತವೆ. ಅವನ್ನು ಮುಂಚೆಯೇ ನಿಲ್ಲಿಸಬೇಕೆ ಎಂಬ ವಿಷಯದಲ್ಲಿಯೂ ಬಹುಕಾಲ ಅಭಿಪ್ರಾಯಗಳೇ ನಡೆದುವು. ಫ್ರಾನ್ಸಿನಲ್ಲಿ 2222 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಮಾಡಿ ಅಂಥ ಒಂದು ವರ್ಗದ ಮಾತ್ರೆಗಳನ್ನು ಪರೀಕ್ಷಿಸಿದ ಫಲವು 2024ರಲ್ಲಿ ಹೊರಬಂದಿತು. ಮಾತ್ರೆಯನ್ನು ಮುಂದುವರಿಸಿದವರಲ್ಲಿ ಶಸ್ತ್ರಕ್ರಿಯೆಯ ನಡುವೆ ಒತ್ತಡವು ಹೆಚ್ಚು ಸಲ ಕುಸಿಯಿತು. ಆದರೆ ಸಾವು ಮತ್ತು ದೊಡ್ಡ ತೊಡಕುಗಳು ಎರಡು ಗುಂಪುಗಳಲ್ಲಿಯೂ ಒಂದೇ ಸಮನಾಗಿದ್ದವು. ಅದು ಹೃದಯದ್ದಲ್ಲದ ದೊಡ್ಡ ಶಸ್ತ್ರಕ್ರಿಯೆಗಳೆಲ್ಲವನ್ನೂ ಕುರಿತದ್ದು; ಫ್ಲಾಪಿನ ಹೊಲಿಗೆಯ ಬಗೆಗೆ ಅದರಿಂದ ಏನನ್ನೂ ತೆಗೆಯಲಾಗದು. ಒತ್ತಡವು ಹೆಚ್ಚು ಸಲ ಕುಸಿದ ಗುಂಪಿನವರು ಫ್ಲಾಪಿನ ರೋಗಿಗಳಾಗಿದ್ದಿದ್ದರೆ, ಅಷ್ಟು ಸಲವೂ ಔಷಧವೋ ದ್ರವವೋ ಎಂಬ ಪ್ರಶ್ನೆಯು ಅರಿವಳಿಕೆಯ ವೈದ್ಯನ ಎದುರಿಗೆ ಬಂದು ನಿಲ್ಲುತ್ತಿತ್ತು; ಆಗ ಅವನು ಯಾವ ಔಷಧವನ್ನು, ಎಷ್ಟು ಪ್ರಮಾಣದಲ್ಲಿ, ನಾಳ ಕೂಡಿಸುವುದಕ್ಕೆ ಎಷ್ಟು ನಿಮಿಷ ಮೊದಲು ಅಥವಾ ಆಮೇಲೆ ಕೊಟ್ಟನೆಂಬುದು ಶಸ್ತ್ರವೈದ್ಯನ ಟಿಪ್ಪಣಿಯಲ್ಲಿಯೂ ದಾಖಲಾಗುವ ತನಕ ಮುಂದಿನ ಸಮೀಕ್ಷಕನಿಗೂ ಸಿಕ್ಕುವುದು ಅದೇ ಎರಡು ಪಟ್ಟಿಗಳು.